ಬಾತ್ಮೀದಾರನ ಹೆಸರು ಗುಟ್ಟಾಗಿಯೇ ಇರಲಿ, ಅವನು ಇದ್ದಾನೆಂಬುದನ್ನು ಯಾರು ನೋಡಬೇಕು?

ವಕೀಲ, ಧಾರವಾಡ (ಚರ್ಚೆ ಆರಂಭಿಸಿದವರು)

ನನ್ನ ಮೇಜಿನ ಮೇಲೆ ಈಗ ಗಾಂಜಾ ಪ್ರಕರಣಗಳ ಮೂರು ದೋಷಾರೋಪಣಾ ಪಟ್ಟಿಗಳಿವೆ. ಮೂರೂ ಬೇರೆ ಬೇರೆ ಠಾಣೆಗಳಿಂದ ಬಂದವು. ಆದರೂ ಮೂರರಲ್ಲೂ ಅಧಿಕಾರಿಯ ವರದಿ ಹೆಚ್ಚುಕಡಿಮೆ ಒಂದೇ ವಾಕ್ಯದಿಂದ ಶುರುವಾಗುತ್ತದೆ: ‘ಈ ದಿವಸ ನಾನು ಠಾಣೆಯಲ್ಲಿ ಕರ್ತವ್ಯದಲ್ಲಿರುವಾಗ ಬಾತ್ಮೀದಾರರಿಂದ ಬಂದ ಖಚಿತ ವರ್ತಮಾನವೇನೆಂದರೆ...’ ಆ ಬಾತ್ಮೀದಾರ, ಅಂದರೆ ಪೊಲೀಸರಿಗೆ ಗುಟ್ಟಾಗಿ ಸುದ್ದಿ ಕೊಡುವವನು, ಯಾರು, ಅವನು ನಿಜವಾಗಿ ಇದ್ದಾನೆಯೇ, ಹಿಂದೆ ಕೊಟ್ಟ ಸುದ್ದಿ ಎಷ್ಟು ಸಲ ನಿಜವಾಗಿತ್ತು, ಎಷ್ಟು ಸಲ ಸುಳ್ಳಾಗಿತ್ತು ಎಂಬುದರ ಸುಳಿವು ಕಡತದಲ್ಲಿ ಎಲ್ಲಿಯೂ ಇಲ್ಲ. ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ, ಕೇಳಿದರೆ ‘ಬಾತ್ಮೀದಾರರು ಎಂಬುವರು ಯಾರೂ ಇರಲಿಲ್ಲ ಎಂದರೆ ಸರಿಯಲ್ಲ’ ಎಂಬ ಒಂದು ಸಾಲು ದಾಖಲಾಗಿ ವಿಷಯ ಅಲ್ಲಿಗೇ ನಿಂತುಬಿಡುತ್ತದೆ.

ಹೆಸರು ಹೇಳಿ ಎಂದು ನಾನು ಕೇಳುತ್ತಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಸುದ್ದಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಬಲವಂತಪಡಿಸುವಂತಿಲ್ಲ ಎಂಬ ರಕ್ಷಣೆ ಹಳೆಯ ಸಾಕ್ಷ್ಯ ಕಾಯ್ದೆಯ 125ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 131ನೇ ಕಲಂ ಆಗಿ ಮುಂದುವರಿದಿದೆ. ಮಾದಕವಸ್ತುಗಳ ನಿಯಂತ್ರಣಕ್ಕಾಗಿ ಇರುವ ಎನ್‌ಡಿಪಿಎಸ್ ಕಾಯ್ದೆಯ 68ನೇ ಕಲಂ ಇದನ್ನೇ ಹೇಳುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ಕೂಡ ಇಂತಹ ಮೂಲವನ್ನು ಕಾಪಾಡುತ್ತದೆ. ಇವೆಲ್ಲವೂ ಇರಬೇಕಾದವೇ.

ನನ್ನ ಪ್ರಶ್ನೆ ಬೇರೆ. ನ್ಯಾಯಾಲಯಕ್ಕೆ ಹೇಳಬೇಕಾಗಿಲ್ಲ, ಆರೋಪಿಗೆ ಹೇಳಬೇಕಾಗಿಲ್ಲ, ಪತ್ರಿಕೆಗೂ ಹೇಳಬೇಕಾಗಿಲ್ಲ. ಆದರೆ ಇಲಾಖೆಯ ಒಳಗಾದರೂ ಆ ಬಾತ್ಮೀದಾರನ ಮುಖವನ್ನು ಕಂಡ ಎರಡನೆಯ ಅಧಿಕಾರಿ ಒಬ್ಬರು ಇರುತ್ತಾರೆಯೇ? ಇಲಾಖೆಯಲ್ಲಿ ಕೆಲಸ ಮಾಡಿದವರು, ಬೇರೆ ದೇಶಗಳ ಪದ್ಧತಿ ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಇನ್ಸ್‌ಪೆಕ್ಟರ್, ದಾವಣಗೆರೆ

ವಕೀಲರೇ, ನೇರವಾಗಿ ಉತ್ತರಿಸುತ್ತೇನೆ. ನಾನು ಕೆಲಸ ಮಾಡಿದ ಠಾಣೆಗಳಲ್ಲಿ ಅಂತಹ ಎರಡನೆಯ ಅಧಿಕಾರಿ ಇರಲಿಲ್ಲ. ಬಾತ್ಮೀದಾರ ಎಂದರೆ ಇಲಾಖೆಯ ಮನುಷ್ಯನಲ್ಲ, ಒಬ್ಬ ಸಬ್ ಇನ್ಸ್‌ಪೆಕ್ಟರಿನ ಅಥವಾ ಒಬ್ಬ ಹಳೆಯ ಹೆಡ್ ಕಾನ್‌ಸ್ಟೆಬಲಿನ ಮನುಷ್ಯ. ಗುಜರಿ ಅಂಗಡಿಯವನಿರಬಹುದು, ಲಾಡ್ಜಿನ ರೂಮ್ ಬಾಯ್ ಇರಬಹುದು, ಕಳ್ಳತನ ಬಿಟ್ಟು ಆಟೋ ಓಡಿಸುತ್ತಿರುವವನಿರಬಹುದು. ಅವನು ನಂಬುವುದು ಖಾಕಿಯನ್ನಲ್ಲ, ನನ್ನನ್ನು. ನನ್ನ ಜೊತೆ ಇನ್ನೊಬ್ಬ ಅಧಿಕಾರಿ ಕುಳಿತಿದ್ದರೆ ಅವನು ಚಹಾ ಕುಡಿದು ಎದ್ದು ಹೋಗುತ್ತಾನೆ, ಬಾಯಿ ಬಿಡುವುದಿಲ್ಲ.

ಹಣದ ವಿಷಯವನ್ನೂ ಹೇಳಬೇಕು. ಗುಪ್ತ ಕಾರ್ಯದ ಹಣ ಇರುವುದು ಮೇಲಧಿಕಾರಿಗಳ ಕೈಯಲ್ಲಿ. ಅದನ್ನು ಕೇಳಿ, ಕಾರಣ ಬರೆದು, ಮಂಜೂರು ಮಾಡಿಸಿಕೊಳ್ಳುವಷ್ಟರಲ್ಲಿ ಮಾಲು ಊರು ದಾಟಿರುತ್ತದೆ. ಆದ್ದರಿಂದ ಇನ್ನೂರು ಮುನ್ನೂರು ರೂಪಾಯಿಗಳನ್ನು ನಾವೇ ಜೇಬಿನಿಂದ ಕೊಡುತ್ತಿದ್ದೆವು. ಜೇಬಿನಿಂದ ಕೊಟ್ಟ ಹಣಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಹಾಗಾಗಿ ಬಾತ್ಮೀದಾರನಿಗೂ ಲೆಕ್ಕವಿರುವುದಿಲ್ಲ. ಇದು ಒಳ್ಳೆಯ ಪದ್ಧತಿ ಎಂದು ನಾನು ವಾದಿಸುವುದಿಲ್ಲ. ಆದರೆ ಎಲ್ಲವನ್ನೂ ಬರೆದಿಡಿ ಎನ್ನುವವರು ಒಂದು ಮಾತನ್ನು ನೆನಪಿಡಬೇಕು: ಠಾಣೆಯಲ್ಲಿ ಬರೆದದ್ದನ್ನು ಓದುವ ಕಣ್ಣುಗಳು ಬಹಳ ಇರುತ್ತವೆ.

ಹ್ಯೂಸ್ಟನ್ ನಿವಾಸಿ, ಮೂಲ ಊರು ಹಾಸನ

ನಾನು ಇಪ್ಪತ್ತು ವರ್ಷಗಳಿಂದ ಟೆಕ್ಸಸ್‌ನ ಹ್ಯೂಸ್ಟನ್ ನಗರದಲ್ಲಿದ್ದೇನೆ. ವಕೀಲರು ಕೇಳಿರುವ ಪ್ರಶ್ನೆಯನ್ನು ಯಾರೂ ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಈ ಊರು ಕಣ್ಣಾರೆ ಕಂಡಿದೆ. ಸ್ವಲ್ಪ ಉದ್ದವಾದರೂ ತಾಳ್ಮೆಯಿಂದ ಓದಿ.

2019ರ ಜನವರಿ 28ರ ಸಂಜೆ ಇಲ್ಲಿನ ಪೊಲೀಸರ ಮಾದಕವಸ್ತು ದಳವು ಹಾರ್ಡಿಂಗ್ ಸ್ಟ್ರೀಟ್ ಎಂಬ ಬೀದಿಯ ಒಂದು ಮನೆಯ ಬಾಗಿಲನ್ನು ಮುನ್ಸೂಚನೆಯಿಲ್ಲದೆ ಒಡೆದು ನುಗ್ಗಿತು. ಒಳಗಿದ್ದವರು ಐವತ್ತರ ಕೊನೆಯ ವಯಸ್ಸಿನ ಗಂಡ ಹೆಂಡತಿ. ಗುಂಡಿನ ಕಾಳಗದಲ್ಲಿ ಇಬ್ಬರೂ ಸತ್ತರು, ಅವರ ನಾಯಿಯೂ ಸತ್ತಿತು, ನಾಲ್ವರು ಪೊಲೀಸರಿಗೆ ಗುಂಡು ತಗುಲಿತು. ವಾರಂಟಿಗಾಗಿ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಜೆರಾಲ್ಡ್ ಗೋಯಿನ್ಸ್ ಎಂಬ ಅಧಿಕಾರಿಯು, ತಮ್ಮ ವಿಶ್ವಾಸದ ಬಾತ್ಮೀದಾರನೊಬ್ಬ ಹಿಂದಿನ ದಿನ ಅದೇ ಮನೆಯಲ್ಲಿ ಹೆರಾಯಿನ್ ಕೊಂಡಿದ್ದಾನೆ, ಒಳಗೆ ಕೈಬಂದೂಕನ್ನೂ ಕಂಡಿದ್ದಾನೆ ಎಂದು ಬರೆದಿದ್ದರು. ಮನೆಯನ್ನು ಶೋಧಿಸಿದಾಗ ಹೆರಾಯಿನ್ ಸಿಗಲಿಲ್ಲ. ಸ್ವಂತ ಬಳಕೆಗೆ ಇಟ್ಟುಕೊಳ್ಳುವಷ್ಟು ಗಾಂಜಾ ಮತ್ತು ಕೊಕೇನ್ ಮಾತ್ರ ಸಿಕ್ಕಿತು.

ಆಮೇಲೆ ತನಿಖೆ ನಡೆಸಿದವರು ಗೋಯಿನ್ಸ್ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಆ ಬಾತ್ಮೀದಾರ ಯಾರು? ಅವರ ಜೊತೆ ಕೆಲಸ ಮಾಡುತ್ತಿದ್ದ ಬಾತ್ಮೀದಾರರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ವಿಚಾರಿಸಿದಾಗ, ಆ ಮನೆಗೆ ಹೋದದ್ದೂ ಇಲ್ಲ, ಅಲ್ಲಿ ಏನನ್ನೂ ಕೊಂಡದ್ದೂ ಇಲ್ಲ ಎಂದು ಪ್ರತಿಯೊಬ್ಬರೂ ಹೇಳಿದರು. ಬಾತ್ಮೀದಾರನೇ ಇರಲಿಲ್ಲ, ಅವನು ಕಾಗದದ ಮೇಲೆ ಹುಟ್ಟಿದವನು. 2024ರ ಸೆಪ್ಟೆಂಬರ್‌ನಲ್ಲಿ ಎರಡು ಕೊಲೆಗಳಿಗೂ ಗೋಯಿನ್ಸ್ ತಪ್ಪಿತಸ್ಥರೆಂದು ಜ್ಯೂರಿ ತೀರ್ಮಾನಿಸಿತು; ಅಕ್ಟೋಬರ್‌ನಲ್ಲಿ 60 ವರ್ಷಗಳ ಸೆರೆವಾಸ ವಿಧಿಸಲಾಯಿತು.

ನನ್ನನ್ನು ಹೆಚ್ಚು ಕಾಡುವುದು ಆ ಒಂದು ಸಂಜೆಯಲ್ಲ, ಅದರ ಹಿಂದಿನ ವರ್ಷಗಳು. ಗೋಯಿನ್ಸ್ ಮೂವತ್ತಕ್ಕೂ ಹೆಚ್ಚು ವರ್ಷ ಸೇವೆಯಲ್ಲಿದ್ದವರು. ಹಳೆಯ ಕಡತಗಳನ್ನು ತೆರೆದು ನೋಡಿದ ಮೇಲೆ ಅವರ ಸಾಕ್ಷ್ಯದಿಂದ ಆಗಿದ್ದ ಇಪ್ಪತ್ತಕ್ಕೂ ಹೆಚ್ಚು ಶಿಕ್ಷೆಗಳು ರದ್ದಾದವು. 2008ರ ಒಂದು ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿದ್ದ ವ್ಯಕ್ತಿಯನ್ನು ಟೆಕ್ಸಸ್‌ನ ಅತ್ಯುನ್ನತ ಕ್ರಿಮಿನಲ್ ನ್ಯಾಯಾಲಯವು 2020ರಲ್ಲಿ ನಿರಪರಾಧಿ ಎಂದು ಘೋಷಿಸಿತು. ಆ ಪ್ರಕರಣದಲ್ಲಿ ಇಲಾಖೆಯ ಖರ್ಚಿನ ಕಾಗದಕ್ಕೂ ನ್ಯಾಯಾಲಯದಲ್ಲಿ ಗೋಯಿನ್ಸ್ ಹೇಳಿದ ಮಾತಿಗೂ ತಾಳೆಯಾಗುತ್ತಿರಲಿಲ್ಲ. ಆ ಕಾಗದ ಇಷ್ಟು ವರ್ಷವೂ ಇಲಾಖೆಯ ಬಳಿಯೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಮನುಷ್ಯ ಮಾತ್ರ ಇರಲಿಲ್ಲ. ಮುಂದೆ 2020ರಲ್ಲಿ ಪೊಲೀಸರ ಕೈಯಲ್ಲಿ ಸತ್ತು ಜಗತ್ತಿಗೆಲ್ಲ ಪರಿಚಿತರಾದ ಜಾರ್ಜ್ ಫ್ಲಾಯ್ಡ್ ಅವರನ್ನು 2004ರಲ್ಲಿ ಹ್ಯೂಸ್ಟನ್ನಿನಲ್ಲಿ ಸಣ್ಣ ಮಾದಕವಸ್ತು ಪ್ರಕರಣವೊಂದರಲ್ಲಿ ಬಂಧಿಸಿದ್ದವರೂ ಇದೇ ಅಧಿಕಾರಿ.

ಇನ್ಸ್‌ಪೆಕ್ಟರ್ ಸರ್, ‘ನನ್ನ ಮನುಷ್ಯ’ ಎಂಬ ತಮ್ಮ ಮಾತು ಪ್ರಾಮಾಣಿಕವಾದದ್ದು ಎಂದು ನಾನು ಒಪ್ಪುತ್ತೇನೆ. ಗೋಯಿನ್ಸ್ ಕೂಡ ಇದೇ ಮಾತನ್ನು ಹೇಳುತ್ತಿದ್ದಿರಬೇಕು, ಮೇಲಿನವರೂ ನಂಬುತ್ತಿದ್ದಿರಬೇಕು. ನಂಬಿಕೆಗೆ ಅರ್ಹರಾದವರನ್ನೂ ಅಲ್ಲದವರನ್ನೂ ಹೊರಗಿನಿಂದ ನೋಡಿ ಬೇರ್ಪಡಿಸುವ ದಾರಿಯೇ ಇಲ್ಲದ ಪದ್ಧತಿಯನ್ನು ಪದ್ಧತಿ ಎಂದು ಹೇಗೆ ಕರೆಯುವುದು?

ಕಾನೂನು ವಿದ್ಯಾರ್ಥಿನಿ, ಬೆಂಗಳೂರು

ಮೊದಲು ಒಂದು ಸಣ್ಣ ಸ್ಪಷ್ಟನೆ. ನಮ್ಮ ತೀರ್ಪುಗಳಲ್ಲಿ ‘ಇನ್ಫಾರ್ಮಂಟ್’ ಎಂಬ ಪದ ಬಂದಾಗ ಅದು ಬಹುತೇಕ ಪ್ರಥಮ ವರ್ತಮಾನ ವರದಿಗೆ ಕಾರಣವಾದ ದೂರು ಕೊಟ್ಟವರನ್ನು, ಅಂದರೆ ಫಿರ್ಯಾದಿಯನ್ನು ಸೂಚಿಸುತ್ತದೆ. ಇಲ್ಲಿ ನಾವು ಮಾತನಾಡುತ್ತಿರುವ ಬಾತ್ಮೀದಾರ ಬೇರೆ. 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮುಕೇಶ್ ಸಿಂಗ್ ಪ್ರಕರಣದಲ್ಲಿ ‘ಇನ್ಫಾರ್ಮಂಟ್’ ಆದ ಅಧಿಕಾರಿಯೇ ತನಿಖೆ ಮಾಡಿದ ಮಾತ್ರಕ್ಕೆ ವಿಚಾರಣೆ ಕೆಡುವುದಿಲ್ಲ ಎಂದದ್ದನ್ನು ಕೆಲವರು ಈ ಚರ್ಚೆಗೆ ತಂದು ಗೊಂದಲ ಮಾಡಿಕೊಳ್ಳುತ್ತಾರೆ.

ವಕೀಲರ ಪ್ರಶ್ನೆಗೆ ಬ್ರಿಟನ್ನಿನ ಶಾಸನದಲ್ಲಿ ಬಹಳ ಸರಳವಾದ ಉತ್ತರವಿದೆ. 2000ದ ತನಿಖಾಧಿಕಾರಗಳ ನಿಯಂತ್ರಣ ಕಾಯ್ದೆ, ಅಲ್ಲಿ ಎಲ್ಲರೂ ರಿಪಾ ಎಂದು ಕರೆಯುವುದು, ತನ್ನ 29ನೇ ಕಲಮಿನಲ್ಲಿ ಕೆಲಸವನ್ನು ಹಂಚಿಬಿಡುತ್ತದೆ. ಬಾತ್ಮೀದಾರನೊಡನೆ ದಿನನಿತ್ಯ ವ್ಯವಹರಿಸಲು, ಅವನ ಸುರಕ್ಷತೆಯನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರಬೇಕು. ಅವನನ್ನು ಹೇಗೆ ಬಳಸಿಕೊಳ್ಳಲಾಗುತ್ತಿದೆ ಎಂಬುದರ ಮೇಲೆ ಕಣ್ಣಿಡಲು ಬೇರೊಬ್ಬ ಅಧಿಕಾರಿ ಇರಬೇಕು. ದಾಖಲೆಯನ್ನು ಕಾಯುವ ಹೊಣೆ ಇಂತಹವರದೇ ಎಂದು ಗೊತ್ತಾಗಿರಬೇಕು. ಗುರುತು ತಿಳಿಯುವಂತಹ ಕಾಗದಗಳನ್ನು, ನೋಡಲೇಬೇಕಾದ ಅಗತ್ಯ ಇರುವವರನ್ನು ಬಿಟ್ಟು, ಯಾರೂ ನೋಡಕೂಡದು. ಮೊದಲನೆಯವರನ್ನು ಹ್ಯಾಂಡ್ಲರ್ ಎಂದೂ ಎರಡನೆಯವರನ್ನು ಕಂಟ್ರೋಲರ್ ಎಂದೂ ಕರೆಯುತ್ತಾರೆ. ನಮ್ಮಲ್ಲಿ ಗುಟ್ಟು ಮತ್ತು ದಾಖಲೆ ಒಂದಕ್ಕೊಂದು ವಿರೋಧಿ ಎಂಬಂತೆ ಮಾತು ನಡೆಯುತ್ತದೆ. ಆ ಕಲಂ ಗುಟ್ಟನ್ನು ಕಾಪಾಡುವ ಕೆಲಸವನ್ನೇ ದಾಖಲೆಯ ನಿಯಮಗಳ ಒಳಗೆ ಇಟ್ಟಿದೆ.

ಬ್ರಿಟನ್ನಿನಲ್ಲಿ ಎಲ್ಲವೂ ಸರಿಯಿದೆ ಎಂದು ಇದರ ಅರ್ಥವಲ್ಲ. ಬಾತ್ಮೀದಾರ ಅಪರಾಧದಲ್ಲಿ ಭಾಗಿಯಾಗಲು ಅನುಮತಿ ಕೊಡಬಹುದು ಎಂಬ 2021ರ ಕಾಯ್ದೆಗೆ ಅಲ್ಲಿ ತೀವ್ರ ವಿರೋಧ ಬಂದಿತ್ತು. ಉತ್ತರ ಐರ್ಲೆಂಡಿನಲ್ಲಿ ಐಆರ್‌ಎ ಎಂಬ ಸಶಸ್ತ್ರ ಸಂಘಟನೆಯ ಒಳಗಿದ್ದುಕೊಂಡು ಬ್ರಿಟಿಷ್ ಸೇನೆಗೆ ಸುದ್ದಿ ಕೊಡುತ್ತಿದ್ದ ‘ಸ್ಟೇಕ್‌ನೈಫ್’ ಎಂಬ ಗುಪ್ತನಾಮದ ಬಾತ್ಮೀದಾರನ ಬಗ್ಗೆ ನಡೆದ ಆಪರೇಷನ್ ಕೆನೋವಾ ತನಿಖೆಯ ಮಧ್ಯಂತರ ವರದಿ 2024ರ ಮಾರ್ಚ್‌ನಲ್ಲಿ ಹೊರಬಂದಾಗ, ಅವನಿಂದ ಉಳಿದ ಜೀವಗಳಿಗಿಂತ ಹೋದ ಜೀವಗಳೇ ಬಹುಶಃ ಹೆಚ್ಚು ಎಂಬ ಮಾತು ಅದರಲ್ಲಿತ್ತು. ಆದರೆ ಆ ಲೆಕ್ಕ ಹಾಕಲು ಸಾಧ್ಯವಾದದ್ದು ಎಲ್ಲೋ ಒಂದು ಕಡೆ ಕಾಗದಗಳು ಉಳಿದಿದ್ದರಿಂದ.

ವಕೀಲ, ಧಾರವಾಡ

ಮೇಡಂ, ನಮ್ಮ ಎನ್‌ಡಿಪಿಎಸ್ ಕಾಯ್ದೆಯ 42ನೇ ಕಲಮಿನಲ್ಲಿ ಇದರ ಒಂದು ಮೊಳಕೆ ಇದೆ. ಮನೆಯನ್ನೋ ವಾಹನವನ್ನೋ ಶೋಧಿಸುವ ಮುನ್ನ, ಬಂದ ಮಾಹಿತಿಯನ್ನು ಬರಹಕ್ಕೆ ಇಳಿಸಿ 72 ಗಂಟೆಗಳೊಳಗೆ ಪ್ರತಿಯನ್ನು ತಕ್ಷಣದ ಮೇಲಧಿಕಾರಿಗೆ ಕಳುಹಿಸಬೇಕು. ತಡವಾದರೆ ಸಮಾಧಾನಕರ ವಿವರಣೆ ಸಾಕಾಗಬಹುದು, ಆದರೆ ಏನನ್ನೂ ಪಾಲಿಸದೇ ಇರುವುದು ಒಪ್ಪತಕ್ಕದ್ದಲ್ಲ ಎಂದು 2009ರಲ್ಲಿ ಕರ್ನೈಲ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದೆ. ಆದರೆ ರಸ್ತೆ, ಬಸ್ ನಿಲ್ದಾಣದಂತಹ ಸಾರ್ವಜನಿಕ ಸ್ಥಳವಾದರೆ 43ನೇ ಕಲಂ ಅನ್ವಯವಾಗುತ್ತದೆ, ಅಲ್ಲಿ ಬರೆದಿಡುವ ಷರತ್ತೇ ಇಲ್ಲ. ನನ್ನ ಮೂರು ಪ್ರಕರಣಗಳಲ್ಲಿ ಎರಡು ‘ಬಸ್ ನಿಲ್ದಾಣದ ಹಿಂಭಾಗದ ಸಾರ್ವಜನಿಕ ರಸ್ತೆ’ಯಲ್ಲಿ ನಡೆದಿವೆ. ಮೂರನೆಯದರಲ್ಲಿ ಮೇಲಧಿಕಾರಿಗೆ ಕಳುಹಿಸಿದ ಪ್ರತಿ ಇದೆ, ಅದರಲ್ಲಿ ಇರುವುದು ‘ನಂಬಲರ್ಹ ಬಾತ್ಮೀದಾರರು ತಿಳಿಸಿರುತ್ತಾರೆ’ ಎಂಬುದಷ್ಟೇ. ಮೇಲಧಿಕಾರಿಗೆ ಹೋದದ್ದು ಸುದ್ದಿ, ಸುದ್ದಿಯ ಮೂಲವಲ್ಲ. ಈಗ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧನೆಯನ್ನೆಲ್ಲ ವಿಡಿಯೋ ಮಾಡಬೇಕು. ಬಾಗಿಲು ತಟ್ಟಿದ ಮೇಲಿನದೆಲ್ಲ ಕಾಣುತ್ತದೆ, ಆ ಬಾಗಿಲನ್ನೇ ಏಕೆ ತಟ್ಟಿದರು ಎಂಬುದು ಕಾಣುವುದಿಲ್ಲ.

ವರದಿಗಾರ, ಚಾಮರಾಜನಗರ

ನಮ್ಮ ಕಡೆಯ ಅನುಭವವನ್ನೂ ಮರೆಯದಿರಿ. ವೀರಪ್ಪನ್ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ‘ಪೊಲೀಸರ ಕಡೆಯವನು’ ಎಂಬ ಗುಮಾನಿ ಒಂದೇ ಸಾಕಾಗಿತ್ತು, ವೀರಪ್ಪನ್ ಜನರನ್ನು ಕೊಂದ. ಇನ್ನೊಂದು ಕಡೆ ‘ವೀರಪ್ಪನ್‌ಗೆ ಸುದ್ದಿ ಕೊಡುವವರು’ ಎಂಬ ಗುಮಾನಿಯ ಮೇಲೆ ಕಾರ್ಯಪಡೆಯಿಂದ ಹಿಂಸೆಗೆ ಒಳಗಾದವರ ಅಹವಾಲನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದ ಸಮಿತಿಯನ್ನೇ ನೇಮಿಸಬೇಕಾಯಿತು. ಮುಂದೆ ಮಲೆನಾಡಿನಲ್ಲಿ ನಕ್ಸಲರು ಕೂಡ ಮಾಹಿತಿದಾರರೆಂದು ಹೇಳಿ ಗ್ರಾಮಸ್ಥರನ್ನು ಕೊಂದರು. ಆ ಹೊತ್ತಿನಲ್ಲಿ ಯಾವುದಾದರೂ ಠಾಣೆಯ ಬೀರುವಿನಲ್ಲಿ ಹೆಸರಿನ ಪಟ್ಟಿ ಇತ್ತೆಂದು ಊರಿನಲ್ಲಿ ಸುದ್ದಿಯಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ.

ನಿವೃತ್ತ ಇನ್ಸ್‌ಪೆಕ್ಟರ್, ದಾವಣಗೆರೆ

ವರದಿಗಾರರ ಮಾತು ನನ್ನ ಭಯವೂ ಹೌದು. ಆದರೆ ನಾಲ್ಕು ದಿನಗಳಿಂದ ಈ ಚರ್ಚೆಯನ್ನು ಓದುತ್ತ ಒಂದು ಹಳೆಯ ಸಂಗತಿ ನೆನಪಾಗುತ್ತಿದೆ. ಅದನ್ನು ಹೇಳದೆ ನನ್ನ ವಾದವನ್ನಷ್ಟೇ ಮುಂದುವರಿಸುವುದು ಪ್ರಾಮಾಣಿಕವಲ್ಲ.

ನಾನು ಸಬ್ ಇನ್ಸ್‌ಪೆಕ್ಟರ್ ಆಗಿದ್ದಾಗ ಒಂದು ಹಳ್ಳಿಯ ರೈತ ಕಳ್ಳಭಟ್ಟಿಯ ಸುದ್ದಿ ಕೊಟ್ಟ. ಅವನ ಹೆಸರನ್ನು ನಾನು ಎಲ್ಲಿಯೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ದಾಳಿ ಆಯಿತು, ಹಂಡೆಗಳು ಸಿಕ್ಕವು. ಆದರೆ ಅವನು ನನ್ನನ್ನು ಕಾಣಲು ಬಂದ ದಿನ ಸೆಂಟ್ರಿ ಕೆಲಸದಲ್ಲಿದ್ದ ಕಾನ್‌ಸ್ಟೆಬಲ್ ಅವನನ್ನು ನೋಡಿದ್ದ. ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಕೆಟ್ಟ ಉದ್ದೇಶವೇನೂ ಇಲ್ಲದೆ, ‘ಮೊನ್ನೆ ಅವನು ಸಾಹೇಬರ ಹತ್ತಿರ ಬಂದಿದ್ದ’ ಎಂದುಬಿಟ್ಟ. ಮೂರನೆಯ ರಾತ್ರಿ ಆ ರೈತನ ಮೇವಿನ ಬಣವೆಗೆ ಬೆಂಕಿ ಬಿತ್ತು. ಬೆಳಿಗ್ಗೆ ನಾನು ಹೋದಾಗ ಕಪ್ಪು ಬೂದಿಯ ನಡುವೆ ಅರ್ಧ ಸುಟ್ಟ ಜೋಳದ ದಂಟುಗಳನ್ನು ಅವನ ಹೆಂಡತಿ ಕೈಯಿಂದ ಆರಿಸುತ್ತಿದ್ದಳು. ಎತ್ತುಗಳು ಅಲ್ಲಿಯೇ ಕಟ್ಟಿದ್ದವು. ಅವನು ನನ್ನನ್ನು ಬಯ್ಯಲಿಲ್ಲ. ‘ಸಾಹೇಬ್ರೇ, ಬೇಸಿಗೆ ಮುಗಿಯೋದಕ್ಕೆ ಇನ್ನೂ ಎರಡು ತಿಂಗಳು ಇದೆ’ ಎಂದ, ಅಷ್ಟೆ.

ಅವನಿಗೆ ಪರಿಹಾರ ಕೊಡಿಸಲು ನಾನು ಮೇಲಿನ ಕಚೇರಿಗೆ ಹೋದೆ. ಅವನು ಇಲಾಖೆಗೆ ಸಹಾಯ ಮಾಡಿದ್ದಕ್ಕೆ ಏನು ಆಧಾರ ಎಂದು ಕೇಳಿದರು. ಆಧಾರ ಇರಲಿಲ್ಲ, ಅವನ ರಕ್ಷಣೆಗೆಂದು ನಾನೇ ಬರೆಯದೆ ಬಿಟ್ಟಿದ್ದೆ. ಬರೆಯದ್ದರಿಂದ ಗುಟ್ಟೂ ಉಳಿಯಲಿಲ್ಲ, ಅವನ ಉಪಕಾರವೂ ದಾಖಲಾಗಲಿಲ್ಲ. ವಿದ್ಯಾರ್ಥಿನಿ ಮಗಳು ಬರೆದ ಆ ಬ್ರಿಟನ್ನಿನ ಕಲಮನ್ನು ಓದಿದಾಗ ನನಗೆ ಮೊದಲು ಕಂಡದ್ದು ‘ಸುರಕ್ಷತೆಯನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ’ ಎಂಬ ಪದಗಳು. ಮೇಲ್ವಿಚಾರಣೆ ಎಂದರೆ ನಮ್ಮನ್ನು ಅನುಮಾನಿಸುವುದು ಎಂದು ನಾನು ತಿಳಿದಿದ್ದೆ. ಅದು ಆ ಮನುಷ್ಯನ ಕಡೆಗೂ ಇರಬೇಕಾದದ್ದು.

ಹ್ಯೂಸ್ಟನ್ ನಿವಾಸಿ, ಮೂಲ ಊರು ಹಾಸನ

ಸರ್, ತಾವು ಇದನ್ನು ಬರೆದದ್ದಕ್ಕೆ ಕೈಮುಗಿಯುತ್ತೇನೆ. ಇಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಈ ಕಾರಣಕ್ಕೇ ಒಂದು ಕಾಯ್ದೆ ಬಂತು. 2008ರ ಮೇ 7ರಂದು ಟಾಲಹಾಸಿಯಲ್ಲಿ, ಗಾಂಜಾ ಮತ್ತು ಮಾತ್ರೆಗಳೊಂದಿಗೆ ಸಿಕ್ಕಿಬಿದ್ದಿದ್ದ 23 ವರ್ಷದ ಯುವತಿಯೊಬ್ಬಳನ್ನು ಪೊಲೀಸರು ಬಾತ್ಮೀದಾರಳನ್ನಾಗಿ ಮಾಡಿಕೊಂಡು, ಕೈಗೆ 13,000 ಡಾಲರ್ ಕೊಟ್ಟು, ಮಾದಕವಸ್ತು ಮತ್ತು ಬಂದೂಕು ಕೊಳ್ಳಲು ಕಳುಹಿಸಿದರು. ಮಾರುವವರು ಜಾಗ ಬದಲಿಸಿದರು, ಹಿಂಬಾಲಿಸುತ್ತಿದ್ದ ಪೊಲೀಸರಿಗೆ ಅವಳು ಕಾಣದಾದಳು, ಅವಳನ್ನು ಕೊಂದರು. ಮರುವರ್ಷ ಅದೇ ದಿನಾಂಕದಂದು ಅವಳ ಹೆಸರಿನ ‘ರೇಚಲ್ಸ್ ಲಾ’ ಎಂಬ ಕಾಯ್ದೆಗೆ ಸಹಿ ಬಿತ್ತು. ಬಾತ್ಮೀದಾರರೊಡನೆ ವ್ಯವಹರಿಸುವ ಪೊಲೀಸರಿಗೆ ತರಬೇತಿ ಇರಬೇಕು, ಲಿಖಿತ ನಿಯಮಗಳಿರಬೇಕು, ಆ ವ್ಯಕ್ತಿ ಕೇಳಿದರೆ ವಕೀಲರೊಡನೆ ಮಾತನಾಡಲು ಅವಕಾಶವಿರಬೇಕು, ಕೆಲಸಕ್ಕೆ ಕಳುಹಿಸುವ ಮುನ್ನ ಅವರ ವಯಸ್ಸು ಮತ್ತು ಪಕ್ವತೆಯನ್ನು ಪರಿಗಣಿಸಬೇಕು ಎಂದು ಅದು ಹೇಳುತ್ತದೆ. ಮೊದಲ ಕರಡು ಇನ್ನೂ ಗಟ್ಟಿಯಾಗಿತ್ತು; ಪೊಲೀಸರ ವಿರೋಧದಿಂದ ತೆಳುವಾಯಿತು.

ನಿಯಮ ಬರೆದರೆ ಸಾಕು ಎನ್ನುವವರಿಗೂ ಒಂದು ಅಂಕಿ ಹೇಳಬೇಕು. ಬಾಸ್ಟನ್ನಿನ ಕೊಲೆಗಡುಕ ಜೇಮ್ಸ್ ಬಲ್ಜರ್ ಎಫ್‌ಬಿಐನ ಬಾತ್ಮೀದಾರನಾಗಿದ್ದುಕೊಂಡೇ ತನ್ನ ದಂಧೆ ನಡೆಸಿದ್ದು, ಅವನ ಹ್ಯಾಂಡ್ಲರ್ ಜಾನ್ ಕನೊಲಿಯೇ ಅವನಿಗೆ ಬಂಧನದ ಸುಳಿವು ಕೊಟ್ಟು ಓಡಿಹೋಗುವಂತೆ ಮಾಡಿದ್ದು ಬಯಲಾದ ಮೇಲೆ, 2001ರಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಬಾತ್ಮೀದಾರರ ಬಗೆಗಿನ ನಿಯಮಗಳನ್ನು ಬಿಗಿ ಮಾಡಿತು. 2005ರಲ್ಲಿ ಅದೇ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ ಎಫ್‌ಬಿಐನ 120 ಕಡತಗಳನ್ನು ತೆಗೆದು ನೋಡಿದಾಗ ಶೇ 87ರಷ್ಟರಲ್ಲಿ ಒಂದಲ್ಲ ಒಂದು ನಿಯಮ ಮುರಿದಿತ್ತು.

ವಕೀಲ, ಧಾರವಾಡ

ಹಾಗಾದರೆ ಇಷ್ಟನ್ನು ಚರ್ಚೆಗೆ ಇಡುತ್ತೇನೆ. ದಾಖಲೆ ಠಾಣೆಯಲ್ಲಿ ಇರುವುದು ಬೇಡ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿರಲಿ. ಹೊರಗಿನ ಎಲ್ಲ ಕಾಗದಗಳಲ್ಲಿ ಬರೀ ಒಂದು ಸಂಖ್ಯೆ ಇರಲಿ. ಆ ಸಂಖ್ಯೆಯ ಬಾತ್ಮೀದಾರನನ್ನು ಠಾಣೆಗೆ ಸಂಬಂಧಪಡದ ಒಬ್ಬ ಡಿವೈಎಸ್‌ಪಿ ವರ್ಷಕ್ಕೊಮ್ಮೆಯಾದರೂ ಮುಖತಃ ಕಾಣಲಿ, ಬಹುಮಾನದ ಹಣವನ್ನು ಅವರ ಎದುರಿನಲ್ಲಿ ಕೊಡಲಿ. ಸುದ್ದಿ ಸುಳ್ಳಾದ ಸಂದರ್ಭಗಳೂ ಅದೇ ಸಂಖ್ಯೆಯ ಕೆಳಗೆ ಬರೆಯಲ್ಪಡಲಿ. ನ್ಯಾಯಾಧೀಶರಿಗೆ ಅನುಮಾನ ಬಂದರೆ, ಹೆಸರನ್ನು ಮುಚ್ಚಿ, ಆ ಸಂಖ್ಯೆಯ ಪುಟವನ್ನು ತಮ್ಮ ಕೊಠಡಿಯಲ್ಲಿ ನೋಡಲು ಅವಕಾಶವಿರಲಿ.

ಕಾನೂನು ವಿದ್ಯಾರ್ಥಿನಿ, ಬೆಂಗಳೂರು

ಇದಕ್ಕೆ ಒಂದು ಸೇರ್ಪಡೆ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯು ‘ಸಾಕ್ಷಿ’ ಎಂಬುದನ್ನು ಅಪರಾಧದ ಬಗ್ಗೆ ಮಾಹಿತಿ ಅಥವಾ ದಾಖಲೆ ಹೊಂದಿರುವ ಯಾವುದೇ ವ್ಯಕ್ತಿ ಎಂದು ವಿಶಾಲವಾಗಿ ವ್ಯಾಖ್ಯಾನಿಸಿದೆ. ಗಂಭೀರ ಅಪರಾಧಗಳಲ್ಲಿ ಬಾತ್ಮೀದಾರನೂ ಅದರೊಳಗೆ ಬರುತ್ತಾನೆ ಎಂದು ವಾದಿಸಲು ಅವಕಾಶವಿದೆ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಯೇ ರಕ್ಷಣೆಯನ್ನು ತೀರ್ಮಾನಿಸುತ್ತದೆ. ಇನ್ಸ್‌ಪೆಕ್ಟರ್ ಸರ್ ಹೇಳಿದ ಕಳ್ಳಭಟ್ಟಿಯಂತಹ ಸಣ್ಣ ಪ್ರಕರಣಗಳು ಮಾತ್ರ ಹೊರಗೇ ಉಳಿಯುತ್ತವೆ. ಬಣವೆ ಸುಡುವುದು ಅಂತಹ ಪ್ರಕರಣಗಳಲ್ಲೇ.

ನಿವೃತ್ತ ಇನ್ಸ್‌ಪೆಕ್ಟರ್, ದಾವಣಗೆರೆ

ವಕೀಲರ ಪಟ್ಟಿಗೆ ನನ್ನ ಒಪ್ಪಿಗೆ ಇದೆ, ಒಂದು ತಿದ್ದುಪಡಿಯೊಂದಿಗೆ. ವರ್ಷಕ್ಕೊಮ್ಮೆ ಸಾಲದು, ಠಾಣಾಧಿಕಾರಿಯ ವರ್ಗಾವಣೆಯಾದಾಗಲೆಲ್ಲ ಆ ಎರಡನೆಯ ಅಧಿಕಾರಿ ಬಾತ್ಮೀದಾರನನ್ನು ಕಾಣಲೇಬೇಕು. ಮುಂದೆಯೂ ಕೆಲಸ ಮಾಡಲು ಇಷ್ಟವಿದೆಯೇ, ಭಯವೇನಾದರೂ ಇದೆಯೇ, ಹೊಸಬರ ಕೈಗೆ ಒಪ್ಪಿಸಬಹುದೇ ಎಂದು ಕೇಳಬೇಕು. ಇಷ್ಟವಿಲ್ಲ ಎಂದರೆ ಅವನ ಪುಟವನ್ನು ಅಲ್ಲಿಗೇ ಮುಚ್ಚಬೇಕು.

ಇದನ್ನು ಏಕೆ ಹೇಳುತ್ತೇನೆಂದರೆ, ನಾನು ಕೊನೆಯ ಠಾಣೆಯಿಂದ ಬಿಡುಗಡೆ ಹೊಂದಿದ ದಿನ ಬಂದೂಕು, ಬೇಡಿ, ವೈರ್‌ಲೆಸ್ ಸೆಟ್ಟು, ಮುದ್ದೆಮಾಲಿನ ಕೋಣೆಯ ಬೀಗದ ಕೈಗಳನ್ನು ಒಂದೊಂದಾಗಿ ಎಣಿಸಿ ಪ್ರಭಾರ ಪಟ್ಟಿಗೆ ಸಹಿ ಹಾಕಿಸಿಕೊಂಡೆ. ನನ್ನನ್ನು ನಂಬಿ ಸುದ್ದಿ ಕೊಡುತ್ತಿದ್ದ ಏಳು ಜನರನ್ನು ಯಾರಿಗೂ ಒಪ್ಪಿಸಲಿಲ್ಲ, ಒಪ್ಪಿಸಲು ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಅವರಲ್ಲಿ ಇಬ್ಬರು ಇವತ್ತಿಗೂ ರಾತ್ರಿ ಹೊತ್ತು ನನಗೇ ಫೋನ್ ಮಾಡುತ್ತಾರೆ. ನಾನು ನಿವೃತ್ತನಾಗಿ ಆರು ವರ್ಷವಾಯಿತು.